ತಪಾಸಣೆಯ ದಿನದ ಮಾಲೀಕ

ಗೇಟಿನ ಮೇಲಿನ ಬೋರ್ಡಿನಲ್ಲಿ ಅವನ ಹೆಸರಿತ್ತು. ಹೆಸರಿನ ಕೆಳಗೆ ‘ಮಾಜಿ ಸೈನಿಕರು ಮತ್ತು ಮಾಲೀಕರು’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಆ ಗೇಟಿನೊಳಗೆ ಕಾಲಿಡಲು ಅವನಿಗೆ ಅಪ್ಪಣೆಯಿರಲಿಲ್ಲ. ಅವನು ಹಿಂಬಾಗಿಲಿನಿಂದ ಬರಬೇಕು. ಆಸ್ಪತ್ರೆಯ ಹೊಲಸು ಬಟ್ಟೆಯ ಮೂಟೆಗಳು ಬರುವುದೂ ಅದೇ ಬಾಗಿಲಿನಿಂದ.

ಅದೊಂದು ಲಾಂಡ್ರಿ. ಊರಿನ ದೊಡ್ಡ ಆಸ್ಪತ್ರೆಯ ಅಷ್ಟೂ ಬಟ್ಟೆ ಅಲ್ಲಿಗೇ ಬರಬೇಕು. ಬರುವಾಗ ರಕ್ತ, ಕೀವು, ವಾಂತಿ, ಹೇಲು. ಹೋಗುವಾಗ ಬೆಳ್ಳಗೆ, ಬೆಚ್ಚಗೆ, ಮಡಿಕೆ ಮುರಿಯದ ಹಾಗೆ. ಈ ಎರಡರ ನಡುವೆ ದುಡಿಯುತ್ತಿದ್ದದ್ದು ಅವನು, ಅವನ ಹೆಂಡತಿ, ಇನ್ನೊಂದಷ್ಟು ಹೆಂಗಸರು. ಸರ್ಕಾರದ ಸಾಹೇಬರು ತಪಾಸಣೆಗೆ ಬರುವ ದಿನ ಮಾತ್ರ ಅವನು ಮಾಲೀಕ. ಅವತ್ತು ಮುಂಬಾಗಿಲಿನಿಂದ ಬರಬಹುದು. ಬರಬಹುದೇನು ಬಂತು, ಬರಲೇಬೇಕು.

ಕೆಲಸದವರೆಲ್ಲ ಅವನನ್ನು ಮೇಜರ್ ಅನ್ನುತ್ತಿದ್ದರು. ಸೈನ್ಯದಲ್ಲಿ ಅವನು ಮೇಜರನಾಗಿರಲಿಲ್ಲ, ಮೇಜರರ ಚಡ್ಡಿ ಒಗೆಯುತ್ತಿದ್ದವನು. ಹಾಗಂತ ಅವನೇ ಒಂದು ದಿನ ಹೇಳಿ ನಕ್ಕಿದ್ದ. ಅವತ್ತಿನಿಂದ ಹೆಸರು ಅಂಟಿಕೊಂಡಿತು.

ಸೈನ್ಯಕ್ಕೆ ಸೇರಿಸಿಕೊಳ್ಳುವ ಸಾಹೇಬ ಅವನ ಎದೆಯ ಅಳತೆ ತೆಗೆಯುವ ಮೊದಲು ಅಪ್ಪನ ಕಸುಬು ಕೇಳಿದ್ದ. ಅಪ್ಪ ಒಗೆಯುತ್ತಿದ್ದ, ಅಪ್ಪನ ಅಪ್ಪನೂ ಒಗೆಯುತ್ತಿದ್ದ. ಸರಿ, ನೀನೂ ಒಗೆ ಅಂದರು. ಉಳಿದವರಂತೆ ಅವನನ್ನೂ ಓಡಿಸಿದರು, ತೆವಳಿಸಿದರು, ಬಂದೂಕು ಹಿಡಿಸಿದರು. ಆಮೇಲೆ ಬಂದೂಕು ಕಸಿದುಕೊಂಡು ಸೋಪು ಕೊಟ್ಟರು. ಅವನ ಡೇರೆ ಕಕ್ಕಸಿನ ಕಡೆಗಿತ್ತು. ಊಟದ ಸಾಲಿನಲ್ಲಿ ಅವನು ಕೊನೆಯವನು. ಗಡಿಯಲ್ಲಿ ಶೆಲ್ ಬಿದ್ದ ದಿನ ಮಾತ್ರ ಯಾರೂ ಸಾಲು ನೋಡಲಿಲ್ಲ. ಗಾಯಗೊಂಡವರನ್ನು ಹೆಗಲ ಮೇಲೆ ಹಾಕಿಕೊಂಡು ಅವನು ಮತ್ತೆ ಮತ್ತೆ ಓಡಿದ. ಎಡಗಿವಿ ಅವತ್ತೇ ಹೋಯಿತು. ಪದಕ ಕೊಟ್ಟರು. ಕೊಟ್ಟ ದೊಡ್ಡ ಸಾಹೇಬರು ಅವನ ಆ ಕೆಟ್ಟ ಕಿವಿಗೇ ಬಾಗಿ ಏನೋ ಹೇಳಿ ಬೆನ್ನು ತಟ್ಟಿದರು. ಏನು ಹೇಳಿದರೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ವಾಪಸು ಬಂದಾಗ ಮಾಜಿ ಸೈನಿಕರಿಗೆ ಸ್ವಂತ ಕಸುಬು ಹಾಕಿಕೊಡುತ್ತೇವೆ ಎಂದು ಸರ್ಕಾರ ಹೇಳಿತು. ಒಂದು ತಗಡಿನ ಶೆಡ್ಡು, ಒಂದು ನೀರಿನ ತೊಟ್ಟಿ, ಎರಡು ಇಸ್ತ್ರಿಪೆಟ್ಟಿಗೆ ಸಿಕ್ಕಿದವು. ಗಂಡ ಒಗೆಯುವುದು, ಹೆಂಡತಿ ಇಸ್ತ್ರಿ ಮಾಡುವುದು. ಅವಳ ಬಲಗೈಯಲ್ಲಿ ಏನಿತ್ತೋ, ಅವಳು ಇಸ್ತ್ರಿ ಮಾಡಿದ ಅಂಗಿ ತೊಟ್ಟರೆ ಸೋಮಾರಿಯೂ ಸಾಹೇಬನಂತೆ ಕಾಣುತ್ತಿದ್ದ. ಬೀದಿಯವರೆಲ್ಲ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಹೊಟ್ಟೆ ತುಂಬುತ್ತಿತ್ತು. ಯಾರ ಮುಂದೆಯೂ ಕೈ ಕಟ್ಟಿ ನಿಲ್ಲಬೇಕಾಗಿರಲಿಲ್ಲ.

ಆಗ ಸರ್ಕಾರ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಆಸ್ಪತ್ರೆಯ ಬಟ್ಟೆ ಒಗೆಯುವ ಗುತ್ತಿಗೆ ಇನ್ನು ಮೇಲೆ ಮಾಜಿ ಸೈನಿಕರ ಲಾಂಡ್ರಿಗೆ ಮಾತ್ರ ಎಂದು ಕಾನೂನು ಮಾಡಿತು. ಅದೇ ಉಸಿರಿನಲ್ಲಿ, ದೊಡ್ಡ ಮೆಷೀನು, ಬಾಯ್ಲರು, ರೋಲರು, ಗಾಡಿ ಎಲ್ಲ ಇದ್ದವರಿಗೆ ಮಾತ್ರ ಎಂದೂ ಸೇರಿಸಿತು. ತಗಡಿನ ಶೆಡ್ಡಿನ ಸೈನಿಕನ ಹತ್ತಿರ ಬಾಯ್ಲರು ಎಲ್ಲಿಂದ ಬರಬೇಕು? ಬಾಯ್ಲರು ಇದ್ದವನು ಸೈನ್ಯಕ್ಕೆ ಯಾಕೆ ಹೋಗಬೇಕು? ಕಾನೂನು ಬರೆದವನಿಗೆ ಇಷ್ಟು ತಿಳಿಯದೇ ಇರಲು ಅವನೇನು ಹಾಲುಗಲ್ಲದ ಮಗುವಲ್ಲ.

ವರ್ಷಗಟ್ಟಲೆ ಆ ಗುತ್ತಿಗೆ ತಿಂದುಕೊಂಡು ಬಂದಿದ್ದ ಲಾಂಡ್ರಿಯ ಯಜಮಾನ ಒಂದು ಮಧ್ಯಾಹ್ನ ಶೆಡ್ಡಿಗೆ ಬಂದ. ಬೆಂಚಿನ ಮೇಲೆ ಕರವಸ್ತ್ರ ಹಾಸಿ ಕೂತ. ಕೊಟ್ಟ ನೀರನ್ನು ಮುಟ್ಟದೆ ಪಕ್ಕಕ್ಕೆ ಸರಿಸಿಟ್ಟ. ಆದರೆ ಬಾಯಿ ತುಂಬ ಅಣ್ಣ ಅಂದ.

"ನೋಡಣ್ಣ, ನಿಂದು ಹೆಸರು, ನಂದು ಮೆಷೀನು. ಇಬ್ರೂ ಪಾಲುದಾರರು. ಕಾಗದದಲ್ಲಿ ನಿಂದೇ ಹೆಚ್ಚು ಪಾಲು."

ಇಸ್ತ್ರಿ ಮಾಡುತ್ತಿದ್ದ ಹೆಂಡತಿ ತಲೆಯೆತ್ತದೆ ಕೇಳಿದಳು: "ಕಾಗದದ ಹೊರಗೆ?"

ಯಜಮಾನ ನಕ್ಕ. "ನಿಮ್ಮನೆಯವ್ರು ಭಾಳ ಚುರುಕು."

ಆ ನಗು ಕಂಡಾಗಲೇ ಅವನನ್ನು ಅಟ್ಟಬೇಕಿತ್ತು ಎಂದು ಅವಳು ಆಮೇಲೆ ಎಷ್ಟು ಸಲ ಹೇಳಿದಳೋ. ಆದರೆ ಮೇಜರ್ ಕಾಗದ ನೋಡಿದ. ಅದರ ಮೇಲೆ ಸರ್ಕಾರದ ಮೊಹರಿತ್ತು, ಮಾಜಿ ಸೈನಿಕರ ಕಲ್ಯಾಣ ಕಚೇರಿಯ ಸಾಹೇಬರ ಸಹಿಯಿತ್ತು. ಸೈನ್ಯದಲ್ಲಿ ಇದ್ದು ಬಂದವನ ರೋಗ ಅದು: ಮೊಹರು ಕಂಡರೆ ಕೈ ತಾನಾಗಿ ಸೆಲ್ಯೂಟಿಗೆ ಏಳುತ್ತದೆ. ಮೋಸಗಾರರು ಮೊಹರಿಲ್ಲದೆ ಬರುತ್ತಾರೆ ಎಂದು ಅವನು ನಂಬಿದ್ದ. ಶೆಡ್ಡು ಮುಚ್ಚಿದ. ಇಸ್ತ್ರಿಪೆಟ್ಟಿಗೆಗಳನ್ನು ಅಟ್ಟದ ಮೇಲಿಟ್ಟ.

ಮೊದಲ ದಿನ ಮುಂಬಾಗಿಲಿಗೇ ಹೋದ. ಕಾವಲಿನವನು ತಡೆದ. ಯಜಮಾನನ ಬಾಮೈದ ಬಂದ, ಅವನೇ ಅಲ್ಲಿನ ಮೇಸ್ತ್ರಿ. "ಹಿಂದ್ಗಡೆಯಿಂದ ಬಾ ಮಾರಾಯ, ಇಲ್ಲಿ ಒಗೆದ ಬಟ್ಟೆ ಇರುತ್ತೆ" ಅಂದ. ಹಿಂದುಗಡೆಯಿಂದ ಹೋದರೆ ಕೈಗೆ ರಬ್ಬರ್ ಗವಸು ಕೊಟ್ಟರು. ಎರಡೂ ತೂತು. "ಪಾಲುದಾರ ಅಂದ್ರೆ ಕೆಲ್ಸದಲ್ಲೂ ಪಾಲು ಬೇಡ್ವಾ?" ಅಂದ ಬಾಮೈದ. ಹೆಂಡತಿಯನ್ನು ರೋಲರಿಗೆ ನಿಲ್ಲಿಸಿದರು.

ಮೂಟೆ ಬಿಚ್ಚುವ ಕೆಲಸ ಹೇಗಿರುತ್ತದೆಂದು ಬೆಳ್ಳನೆಯ ಚಾದರದ ಮೇಲೆ ಮಲಗುವವರಿಗೆ ಗೊತ್ತಿಲ್ಲ. ಮೂಟೆಯ ಗಂಟು ಬಿಚ್ಚಿದ ಕೂಡಲೇ ಬಿಸಿ ನಾತ ಮುಖಕ್ಕೆ ರಾಚುತ್ತದೆ. ಚಾದರದೊಳಗೆ ಸೂಜಿ ಇರುತ್ತದೆ, ಬ್ಲೇಡು ಇರುತ್ತದೆ, ಹತ್ತಿಯಲ್ಲಿ ಸುತ್ತಿದ ಮಾಂಸದ ಚೂರು ಇರುತ್ತದೆ. ಒಂದೊಂದನ್ನೂ ಕೈಯಿಂದ ಕೊಡವಬೇಕು. ಹೇಲಿನದ್ದು ಒಂದು ಕಡೆ, ರಕ್ತದ್ದು ಒಂದು ಕಡೆ. ಔಷಧಿ ನೀರಿಗೆ ಉಗುರಿನ ಸುತ್ತಲಿನ ಚರ್ಮ ಸುಲಿಯುತ್ತದೆ. ಸಂಜೆ ಊಟಕ್ಕೆ ಕೂತರೆ ಉಪ್ಪು ತಾಗಿ ಬೆರಳು ಉರಿಯುತ್ತದೆ. ಮೇಜರ್ ಎಡಗೈಯಿಂದ ಉಣ್ಣುವುದನ್ನು ಕಲಿತ, ಎಡಗೈ ಸುಲಿದಾಗ ಚಮಚ ಹಿಡಿದ. "ಸಾಹೇಬ್ರಾದ್ರು ನೋಡಿ, ಚಮಚ ಬಂತು" ಎಂದು ಹೆಂಡತಿ ಚುಡಾಯಿಸಿದಳು. ಇಬ್ಬರೂ ನಕ್ಕರು. ನಗದೆ ಏನು ಮಾಡುವುದು?

ಆ ಮೂಟೆಗಳ ಜೊತೆ ನೀಲಿ ಪಟ್ಟಿ ಕಟ್ಟಿದ ಒಂದು ಚೀಲವೂ ಬರುತ್ತಿತ್ತು. ಅದು ಆಸ್ಪತ್ರೆಯದ್ದಲ್ಲ. ಕಲ್ಯಾಣ ಕಚೇರಿಯ ಸಾಹೇಬರ ಮನೆಯ ಬಟ್ಟೆ. ಸಾಹೇಬರ ಅಂಗಿ, ಅವರ ಮನೆಯವರ ಒಳಬಟ್ಟೆ, ಮಕ್ಕಳ ಕಾಲುಚೀಲ. ಇದಕ್ಕೆ ರಸೀದಿ ಇಲ್ಲ, ಕೇಳುವವರಿಲ್ಲ. ಅದನ್ನು ಮೆಷೀನಿಗೆ ಹಾಕಬಾರದು, ಕೈಯಲ್ಲೇ ಒಗೆಯಬೇಕು, ಮೇಜರನ ಹೆಂಡತಿಯೇ ಇಸ್ತ್ರಿ ಮಾಡಬೇಕು. ಮಾಜಿ ಸೈನಿಕರ ಕಲ್ಯಾಣ ಆ ಚೀಲದೊಳಗೆ ಹೀಗೆ ವಾರವಾರ ಬಂದು ಹೋಗುತ್ತಿತ್ತು.

ತಪಾಸಣೆಯ ದಿನದ ವೈಭವವೇ ಬೇರೆ. ಬೆಳಿಗ್ಗೆಯೇ ಬಾಮೈದ ಬಂದು ಮೇಜರನಿಗೆ ಸೋಪು ಕೊಟ್ಟು ಕೈಕಾಲು ಉಜ್ಜಿಸುತ್ತಿದ್ದ. ಯಜಮಾನನ ಹಳೆಯ ಕೋಟು ಹಾಕಿಸುತ್ತಿದ್ದರು. ಎದೆಗೆ ಪದಕ. ಗಾಜಿನ ಕೋಣೆಯ ತಿರುಗುವ ಕುರ್ಚಿಯ ಮೇಲೆ ಕೂರಿಸುತ್ತಿದ್ದರು. ಯಜಮಾನ ಪಕ್ಕದಲ್ಲಿ ಕೈಕಟ್ಟಿ ನಿಂತು ಮ್ಯಾನೇಜರನಾಗುತ್ತಿದ್ದ. ಕಲ್ಯಾಣ ಕಚೇರಿಯ ಆ ಸಾಹೇಬರೇ ಬಂದು ಎದುರಿಗೆ ಕೂತು ಕೇಳುತ್ತಿದ್ದರು: "ಹೇಗಿದೆ ವ್ಯಾಪಾರ?" ಮೇಜರ್ ಬಾಯಿಪಾಠ ಒಪ್ಪಿಸುತ್ತಿದ್ದ: "ಸರ್ಕಾರದ ನೆರವಿನಿಂದ ನನ್ನ ಕಾಲ ಮೇಲೆ ನಾನು ನಿಂತಿದ್ದೇನೆ." ನಿಂತಿದ್ದೇನೆ ಎನ್ನುವುದನ್ನು ಕೂತುಕೊಂಡೇ ಹೇಳುತ್ತಿದ್ದ. ಸಾಹೇಬರು ತಲೆದೂಗುತ್ತಿದ್ದರು. ಅವರು ತೊಟ್ಟ ಅಂಗಿಯ ಇಸ್ತ್ರಿ ಯಾರದ್ದೆಂದು ಮೇಜರನಿಗೆ ಕಂಡ ಕೂಡಲೇ ಗೊತ್ತಾಗುತ್ತಿತ್ತು.

ಸಾಹೇಬರ ಕಾರು ಗೇಟು ದಾಟಿದ ಮೇಲೆ ಯಜಮಾನ ಚಿಟಿಕೆ ಹೊಡೆಯುತ್ತಿದ್ದ. ಮೇಜರ್ ಏಳಬೇಕು. ಕೋಟು ಬಿಚ್ಚಬೇಕು. ಒಬ್ಬ ಹೆಂಗಸು ಬಕೆಟ್ಟಿನಲ್ಲಿ ಫಿನಾಯಿಲ್ ತಂದು ಕುರ್ಚಿಯನ್ನು ಒರೆಸುತ್ತಿದ್ದಳು. ಕೂರುವ ಜಾಗ, ಒರಗುವ ಜಾಗ, ಕೈ ಇಡುವ ಜಾಗ. ಒಣಗುವತನಕ ಯಜಮಾನ ನಿಂತೇ ಇರುತ್ತಿದ್ದ. ಒಮ್ಮೆ ಆ ಹೆಂಗಸು ರಜೆ ಹಾಕಿದ್ದಳು. ಅವತ್ತು ಬಕೆಟ್ಟನ್ನು ಮೇಜರನ ಕೈಗೇ ಕೊಟ್ಟರು. ತಾನು ಕೂತಿದ್ದ ಜಾಗವನ್ನು ತಾನೇ ಒರೆಸಿದ. ಮನೆಗೆ ಹೋಗಿ ಹೆಂಡತಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಮಾರನೆಯ ದಿನವೇ ಶೆಡ್ಡಿನ ಬಾಗಿಲು ತೆಗೆಸುತ್ತಿದ್ದಳು. ಆದರೆ ಶೆಡ್ಡಿನ ಜಾಗದಲ್ಲಿ ಆಗಲೇ ಯಜಮಾನನ ಗಾಡಿಗಳು ನಿಲ್ಲುತ್ತಿದ್ದವು.

ತಪಾಸಣೆಯ ದಿನಕ್ಕೆಂದೇ ಇಟ್ಟುಕೊಂಡಿದ್ದ ಇನ್ನೊಂದು ವಸ್ತುವಿತ್ತು. ರೋಲರಿನ ಗಾರ್ಡು. ರೋಲರ್ ಎಂದರೆ ಹೊಗೆಯಾಡುವಷ್ಟು ಕಾದ ಉದ್ದನೆಯ ಕಬ್ಬಿಣದ ಉರುಳೆ. ಒದ್ದೆ ಚಾದರದ ಅಂಚು ಕೊಟ್ಟರೆ ಸರಕ್ಕನೆ ಎಳೆದುಕೊಂಡು, ಒಣಗಿಸಿ, ಇಸ್ತ್ರಿ ಮಾಡಿ ಆ ಕಡೆ ಉಗುಳುತ್ತದೆ. ಯಾವುದು ಚಾದರ, ಯಾವುದು ಕೈ ಎಂದು ಅದು ನೋಡುವುದಿಲ್ಲ. ಅದಕ್ಕೇ ಮುಂದೊಂದು ಕಬ್ಬಿಣದ ಪಟ್ಟಿ, ಬೆರಳು ತಾಗಿದರೆ ಮೆಷೀನು ನಿಲ್ಲುವಂತೆ. ಗಾರ್ಡು ಇದ್ದರೆ ಬಟ್ಟೆ ಆಗಾಗ ಸಿಕ್ಕಿಕೊಳ್ಳುತ್ತದೆ, ಕೆಲಸ ನಿಧಾನ. ಆದ್ದರಿಂದ ಅದು ಉಗ್ರಾಣದಲ್ಲಿ ಬಿದ್ದಿರುತ್ತಿತ್ತು. ಸಾಹೇಬರು ಬರುವ ದಿನ ಮೆಷೀನಿಗೆ ಗಾರ್ಡು, ಕುರ್ಚಿಗೆ ಮೇಜರ್. ಸಾಹೇಬರು ಹೋದ ಮೇಲೆ ಎರಡನ್ನೂ ಬಿಚ್ಚಿಡುತ್ತಿದ್ದರು.

ಒಂದು ಸಲ ತಪಾಸಣೆ ಮುಗಿದಾಗ ಯಜಮಾನನಿಗೆ ಆತುರ. ಮಧ್ಯಾಹ್ನದ ಗಾಡಿ ಹೊರಡಬೇಕಿತ್ತು.

"ಕೋಟು ಆಮೇಲೆ ಬಿಚ್ಚು, ಮೊದ್ಲು ಗಾರ್ಡು ಬಿಚ್ಚು ಹೋಗು."

ಮೇಜರ್ ಕೋಟಿನಲ್ಲೇ ಸ್ಪ್ಯಾನರ್ ಹಿಡಿದು ಹೋದ. ರೋಲರಿನ ಮುಂದೆ ನಿಂತಿದ್ದ ಹೆಂಡತಿ ಉಳಿದವರನ್ನು ಕರೆದಳು: "ನೋಡ್ರೇ, ಮಾಲೀಕರೇ ಬಂದಿದಾರೆ ರಿಪೇರಿಗೆ. ದಾರಿ ಬಿಡಿ." ಹೆಂಗಸರೆಲ್ಲ ನಕ್ಕರು. ಅವನೂ ನಕ್ಕ. ನಗುತ್ತಲೇ ನಟ್ಟು ತಿರುಗಿಸಿದ. ಪಟ್ಟಿ ಕಳಚಿ ಉಗ್ರಾಣಕ್ಕೆ ಹೊತ್ತು ಹಾಕಿದ.

ಅದಾದ ಮೂರನೆಯ ದಿನ ಅವಳ ಕೈ ಒಳಗೆ ಹೋಯಿತು.

ಮೇಜರ್ ಆಗ ಮೂಟೆ ಬಿಚ್ಚುತ್ತಿದ್ದ. ಅವನ ಎಡಗಿವಿ ರೋಲರಿನ ಕಡೆಗಿತ್ತು. ಅವಳು ಕಿರುಚಿದ್ದು ಕೇಳಲಿಲ್ಲ. ರೋಲರಿನ ಹಿರಿಯ ಹೆಂಗಸು, ಎಲ್ಲರೂ ದೊಡ್ಡಕ್ಕ ಅನ್ನುವವಳು, ಓಡಿ ಬಂದು ಅವನ ಭುಜ ಹಿಡಿದು ಅಲುಗಾಡಿಸಿದಳು. ಅವನು ಹೋದಾಗ ಮೆಷೀನು ನಿಂತಿತ್ತು. ಕೈ ಇನ್ನೂ ಒಳಗಿತ್ತು. ಇಸ್ತ್ರಿಯ ವಾಸನೆ ಬರುತ್ತಿತ್ತು. ಉರುಳೆ ಹಿಂದಕ್ಕೆ ತಿರುಗಿಸಬೇಕಾದರೆ ಬಾಮೈದನ ಹತ್ತಿರ ಇರುವ ಬೀಗದ ಕೈ ಬೇಕು. ಬಾಮೈದ ಊಟಕ್ಕೆ ಹೋಗಿದ್ದ.

ಆಸ್ಪತ್ರೆಯಲ್ಲಿ ಹೆಬ್ಬೆರಳೊಂದನ್ನು ಉಳಿಸಿ ಮಿಕ್ಕದ್ದನ್ನು ತೆಗೆದರು.

ಅವಳನ್ನು ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕ ಮಲಗಿಸಿದ್ದರು. ಎಚ್ಚರವಾದಾಗ ಎಡಗೈಯಿಂದ ಚಾದರದ ಅಂಚು ಸವರಿ ನೋಡಿದಳು. "ಈ ಮಡಿಕೆ ನಂದೇ" ಅಂದಳು. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದಳು. ಎರಡು ದಿನ ಹಾಗೇ ಮಲಗಿದ್ದಳು. ಮೇಜರ್ ಆ ಸ್ಪ್ಯಾನರ್ ಹಿಡಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಅವುಚಿಕೊಂಡು ಕೂತಿರುತ್ತಿದ್ದ.

ಕೆಲಸದಲ್ಲಿ ಕೈಕಾಲು ಹೋದವರಿಗೆ ಸರ್ಕಾರದ ಪರಿಹಾರ ಇರುತ್ತದೆ ಎಂದು ದೊಡ್ಡಕ್ಕ ಹೇಳಿದಳು. ಮೇಜರ್ ಕಾರ್ಮಿಕರ ಕಚೇರಿಗೆ ಹೋದ. ಗುಮಾಸ್ತ ಲಾಂಡ್ರಿಯ ಹೆಸರು ಹುಡುಕಿ ನೋಡಿ, ಅವನ ಮುಖ ನೋಡಿದ.

"ಮಾಲೀಕರು ನೀವೇ ಅಲ್ವಾ?"

"ಹೆಸರಿಗೆ."

"ಹೆಸರೇ ಬೇಕಾಗಿರೋದು. ಮಾಲೀಕರ ಹೆಂಡ್ತಿ ಕೆಲಸಗಾರ್ತಿ ಲೆಕ್ಕಕ್ಕೆ ಬರಲ್ಲ. ಸಂಸಾರದವರು ಅಂತ ಆಗುತ್ತೆ. ಪರಿಹಾರ ಏನಿದ್ರೂ ಮಾಲೀಕರೇ ಕೊಡ್ಬೇಕು."

"ಯಾರು ಯಾರಿಗೆ?"

"ನೀವು. ನಿಮ್ಮ ಹೆಂಡ್ತಿಗೆ."

ಗುಮಾಸ್ತ ತಮಾಷೆ ಮಾಡುತ್ತಿರಲಿಲ್ಲ. ಮೊಹರು ಎತ್ತಿಟ್ಟು ಮುಂದಿನವರನ್ನು ಕರೆದ.

ಅಲ್ಲಿಂದ ಕಲ್ಯಾಣ ಕಚೇರಿಗೆ ಹೋದ. ಸಾಹೇಬರು ಬಾಗಿಲು ಹಾಕಿಸಿ ಕೂರಿಸಿದರು. ದನಿ ತಗ್ಗಿಸಿ ಮಾತಾಡಿದರು. ಮೇಜರ್ ಬಲಗಿವಿಯನ್ನು ಮುಂದೆ ಮಾಡಿ ಕೇಳಿದ.

"ನೀನು ಮಾಲೀಕ ಅಲ್ಲ ಅಂತ ಈಗ ಹೇಳಿದ್ರೆ ಏನಾಗುತ್ತೆ ಗೊತ್ತಾ? ಸರ್ಕಾರಕ್ಕೆ ಸುಳ್ಳು ಹೇಳಿ ಗುತ್ತಿಗೆ ತಗೊಂಡೋನು ನೀನೇ ಆಗ್ತೀಯ. ಸಹಿ ನಿಂದು. ಜೈಲು ನಿಂಗೆ. ಪಿಂಚಣಿ ನಿಲ್ಲುತ್ತೆ. ಆಗ ಹೆಂಡ್ತಿಗೆ ಗಂಜಿ ಹಾಕೋರು ಯಾರು?"

"ಹಾಗಾದ್ರೆ ನಾನು ಮಾಲೀಕನೇ?"

"ಮಾಲೀಕನೇ. ಅದನ್ನ ಗಟ್ಟಿಯಾಗಿ ಹಿಡ್ಕೋ, ಬಿಡಬೇಡ. ಬರೋ ವಾರ ನಾನೇ ಬರ್ತೀನಿ. ನಿನ್ನ ಫೋಟೋ ತೆಗೆದು ನಮ್ಮ ಇಲಾಖೆ ಪುಸ್ತಕದಲ್ಲಿ ಹಾಕೋಣ ಅಂತಿದೀನಿ. ಸ್ವಂತ ಕಾಲ ಮೇಲೆ ನಿಂತ ಸೈನಿಕ ಅಂತ."

ಮೇಜರ್ ಎದ್ದು ಬಂದ. ಹೆಂಡತಿಗೆ ಎಲ್ಲವನ್ನೂ ಹೇಳಿದ. ಮುಚ್ಚಿಟ್ಟಿದ್ದ ಫಿನಾಯಿಲಿನ ಬಕೆಟ್ಟನ್ನೂ ಹೇಳಿದ. ಗೋಡೆಯ ಕಡೆ ತಿರುಗಿದ್ದವಳು ನಿಧಾನವಾಗಿ ಈ ಕಡೆ ತಿರುಗಿದಳು.

"ನನ್ನ ಜಾಗದಲ್ಲಿ ಈಗ ಯಾರು ನಿಂತಿದಾರೆ?"

"ಹೊಸಬಳು. ಹಾಲು ಕುಡಿಯೋ ಮಗು ಇದೆಯಂತೆ."

"ಗಾರ್ಡು?"

"ಉಗ್ರಾಣದಲ್ಲೇ." ಅವನ ಕೈ ಮತ್ತೆ ಕಂಕುಳಿಗೆ ಹೋಯಿತು.

"ನನ್ನ ಕೈ ಹೋಯ್ತು, ಅದು ವಾಪಸ್ ಬರಲ್ಲ," ಅಂದಳು. "ನೀನು ಬಿಚ್ಚಿದೆ ಅಂತ ನನಗೆ ಕೋಪ ಇದೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ನೀನು ಇಲ್ಲಿ ಕೂತು ಕಂಕುಳಲ್ಲಿ ಕೈ ಇಟ್ಕೊಂಡ್ರೆ ಆ ಹುಡುಗಿ ಕೈ ಉಳಿಯುತ್ತಾ? ಎಲ್ರೂ ನೀನೇ ಮಾಲೀಕ ಅಂತಾರೆ. ಗುಮಾಸ್ತ ಅಂತಾನೆ, ಸಾಹೇಬ ಅಂತಾನೆ. ಆಗು ಮತ್ತೆ."

ತಪಾಸಣೆಯ ದಿನ ಬಂತು. ಸೋಪು ಬಂತು, ಕೋಟು ಬಂತು. ಬಾಮೈದ ಬೆಳಿಗ್ಗೆಯೇ ರೋಲರಿಗೆ ಗಾರ್ಡು ಕೂರಿಸಿದ್ದ. ಮುಂಬಾಗಿಲಿನಿಂದ ಮೇಜರ್ ಒಳಗೆ ಬಂದ. ಎದೆಯ ಮೇಲೆ ಪದಕ. ಕುರ್ಚಿಯ ಮೇಲೆ ಕೂತ. ಸಾಹೇಬರು ಬಂದರು, ಎದುರಿಗೆ ಕೂತರು. ಹೆಂಡತಿಗೆ ಹೇಗಿದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೊಬೈಲು ತೆಗೆದು ಫೋಟೋ ಹೊಡೆದರು. ಮೇಜರ್ ಬಾಯಿಪಾಠ ಒಪ್ಪಿಸಿದ. ಒಂದಕ್ಷರ ತಪ್ಪಲಿಲ್ಲ. ಸಾಹೇಬರು ಸಹಿ ಹಾಕಿ ಕಡತ ಮಡಚಿದರು. ಸಾಹೇಬರು ಮನೆಯವರ ಪೈಕಿಯೇ ಆಗಿಬಿಟ್ಟಿದ್ದರಿಂದ ಅವರೆದುರಿಗೇ ಯಜಮಾನ ಚಿಟಿಕೆ ಹೊಡೆದ.

"ಆಯ್ತು, ಏಳಪ್ಪ."

ಮೇಜರ್ ಏಳಲಿಲ್ಲ.

"ಏಯ್, ನಿಂಗೇ ಹೇಳಿದ್ದು. ಆ ಕಿವಿಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು," ಅಂದ ಮೇಜರ್. ಸಾಹೇಬರ ಕಡೆ ತಿರುಗಿದ. "ಸ್ವಾಮಿ, ಇದು ಯಾರ ಲಾಂಡ್ರಿ?"

ಸಾಹೇಬರು ಯಜಮಾನನನ್ನು ನೋಡಿ ಮೇಜರನ ಕಡೆ ತಿರುಗಿದರು. "ನಿಂದೇ."

"ನಿಮ್ಮ ಕಡತದಲ್ಲೂ ನಂದೇ ಅಂತ ಇದೆಯಾ?"

"ಇದೆ. ಅದಕ್ಕೇನೀಗ?"

"ಮತ್ತೆ ನನ್ನ ಕುರ್ಚಿ ಬಿಟ್ಟು ಏಳು ಅಂತ ನನ್ನ ಮ್ಯಾನೇಜರ್ ಯಾಕೆ ಹೇಳ್ತಿದಾನೆ?"

ಗಾಜಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಆ ಕಡೆ ಚಾದರ ಮಡಚುತ್ತಿದ್ದ ಹೆಂಗಸರ ಕೈಗಳು ನಿಂತವು. ಯಜಮಾನ ಮೊದಲು ನಕ್ಕ. ಹೆಂಡತಿ ಹಾಸಿಗೆ ಹಿಡಿದ ಮೇಲೆ ತಲೆ ಕೆಟ್ಟಿದೆ ಅಂದ. ಆಮೇಲೆ ಅಣ್ಣ ಅಂದ, ಬೆನ್ನ ಮೇಲೆ ಕೈ ಇಟ್ಟ. ಆಮೇಲೆ ಕೋಟಿನ ಕೊರಳಪಟ್ಟಿ ಹಿಡಿದು ಎಳೆದ. ಮೇಜರ್ ಎರಡೂ ಕೈಯಲ್ಲಿ ಕುರ್ಚಿಯ ಹಿಡಿಗಳನ್ನು ಬಿಗಿಯಾಗಿ ಹಿಡಿದ. ನೀರು ಕುಡಿದ ಚಾದರಗಳನ್ನು ದಿನಗಟ್ಟಲೆ ಎತ್ತಿದ ಕೈ ಅದು. ಕುರ್ಚಿ ಗಿರ್ರನೆ ತಿರುಗಿತೇ ಹೊರತು ಅವನು ಮೇಲೇಳಲಿಲ್ಲ. ಕೋಟಿನ ಹೊಲಿಗೆ ಬಿಟ್ಟಿತು.

"ದೊಡ್ಡಕ್ಕ," ಎಂದು ಬಾಗಿಲಿನ ಕಡೆ ಕೂಗಿದ ಮೇಜರ್. "ಮಾಲೀಕ ಹೇಳ್ತಿದಾನೆ. ಇವತ್ತಿಂದ ಗಾರ್ಡು ಯಾರೂ ಬಿಚ್ಚಬಾರ್ದು."

ಯಜಮಾನ ಬಾಮೈದನಿಗೆ ಕಣ್ಣು ಮಾಡಿದ. ಬಾಮೈದ ಸ್ಪ್ಯಾನರ್ ಎತ್ತಿಕೊಂಡು ರೋಲರಿನ ಕಡೆ ನಡೆದ. ರೋಲರಿನ ಮುಂದೆ ಆ ಹೊಸ ಹುಡುಗಿ ನಿಂತಿದ್ದಳು. ಹಾಲು ತುಂಬಿ ಅವಳ ರವಿಕೆ ಒದ್ದೆಯಾಗಿತ್ತು. ಅವಳು ಬಾಮೈದನನ್ನು ನೋಡಿದಳು, ಉರುಳೆಯನ್ನು ನೋಡಿದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ದೊಡ್ಡಕ್ಕ ಗೋಡೆಯ ಹತ್ತಿರ ಹೋಗಿ ಕೆಂಪು ಗುಂಡಿ ಒತ್ತಿದಳು.

ರೋಲರ್ ನಿಂತಿತು. ಒಗೆಯುವ ಮೆಷೀನುಗಳನ್ನೂ ಒಂದೊಂದಾಗಿ ಯಾರೋ ಆರಿಸುತ್ತ ಬಂದರು. ಆ ಗದ್ದಲದಲ್ಲಿ ಅಷ್ಟು ವರ್ಷ ಕಿರುಚಿಯೇ ಮಾತಾಡಿದವರಿಗೆ ತಮ್ಮ ಉಸಿರು ತಮಗೇ ಕೇಳಿಸಿತು.

"ಯಾವಳೇ ಅವಳು ಮೆಷೀನ್ ನಿಲ್ಸಿದ್ದು?" ಯಜಮಾನ ಹೊರಗೆ ನುಗ್ಗಿದ.

"ಮಾಲೀಕರು ಹೇಳಿದ್ರು," ಅಂದಳು ದೊಡ್ಡಕ್ಕ. "ನಾವು ಕೂಲಿಯೋರು, ಹೇಳಿದ್ದು ಕೇಳ್ತೀವಿ."

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಜಮಾನನ ಕುತ್ತಿಗೆಯ ನರ ಉಬ್ಬಿತು. ಕಾವಲಿನವನನ್ನು ಕಳಿಸಿ ಬೀದಿಯ ಮೂಲೆಯಲ್ಲಿದ್ದ ಪೊಲೀಸಿನವನನ್ನು ಕರೆಸಿದ. ಸಾಹೇಬರು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರು, ಸಿಟ್ಟಿನಲ್ಲಿ ಯಜಮಾನನಿಗೆ ಕಣ್ಣು ಕಾಣುತ್ತಿರಲಿಲ್ಲ. ಹೊಟ್ಟೆ ಮುಂದೆ ಮಾಡಿಕೊಂಡು ಪೊಲೀಸಪ್ಪ ಬಂದ.

"ಇವನನ್ನ ಎತ್ತಿ ಹೊರಗೆ ಹಾಕ್ರೀ," ಅಂದ ಯಜಮಾನ. "ನನ್ನ ಕುರ್ಚಿ ಮೇಲೆ ಕೂತು ದಾಂಧಲೆ ಮಾಡ್ತಿದಾನೆ."

ಪೊಲೀಸಪ್ಪ ಮೇಜರನನ್ನು ನೋಡಿದ. ಕೋಟು ಹರಿದಿತ್ತು, ಪದಕ ನೇತಾಡುತ್ತಿತ್ತು.

"ಏನಯ್ಯಾ ನಿನ್ನ ಹೆಸರು?"

ಮೇಜರ್ ಹೆಸರು ಹೇಳಿದ.

"ಹೊರಗಡೆ ಬೋರ್ಡಲ್ಲಿ ಇರೋದೂ ಅದೇ ಅಲ್ವಾ? ಮಾಲೀಕರು ಅಂತ?"

"ಅದೇ ಸ್ವಾಮಿ. ಸಾಹೇಬ್ರನ್ನೇ ಕೇಳಿ. ಈಗ ತಾನೆ ಸಹಿ ಹಾಕಿದಾರೆ."

ಪೊಲೀಸಪ್ಪ ಸಾಹೇಬರನ್ನು ನೋಡಿದ. ಸಾಹೇಬರು ಮಡಚಿದ ಕಡತವನ್ನು ಎದೆಗೆ ಒತ್ತಿಕೊಂಡಿದ್ದರು.

"ಮಾಲೀಕನ್ನ ಅವನ ಕುರ್ಚಿಯಿಂದ ನಾನು ಹೆಂಗೆ ಎಬ್ಬಿಸಲಿ?" ಎಂದು ಪೊಲೀಸಪ್ಪ ಯಜಮಾನನನ್ನು ಕೇಳಿದ. "ನೀವ್ಯಾರು ಇಲ್ಲಿ?"

ನೀವ್ಯಾರು! ಊರಿನ ಅರ್ಧ ಅಧಿಕಾರಿಗಳ ಬಟ್ಟೆ ಒಗೆಸಿಕೊಡುವವನಿಗೆ ಒಬ್ಬ ಬೀದಿ ಪೊಲೀಸು ಕೇಳಿದ ಪ್ರಶ್ನೆ ಅದು. ಅಲ್ಲೇ ಅವನ ಕಟ್ಟೆ ಒಡೆಯಿತು.

"ನಾನ್ಯಾರಾ? ಇದೆಲ್ಲ ನಂದು ಕಣಯ್ಯ! ಜಾಗ ನಂದು, ಬಾಯ್ಲರ್ ನಂದು, ಗುತ್ತಿಗೆ ನಂದು. ಇವನು ಹೇಲುಬಟ್ಟೆ ಆರಿಸೋನು. ಬೋರ್ಡಿಗೆ ಹೆಸರು ಬೇಕಿತ್ತು, ಇಟ್ಕೊಂಡಿದೀನಿ. ಮಾಲೀಕನಂತೆ ಮಾಲೀಕ! ಅವನು ಕೂತು ಎದ್ದ ಮೇಲೆ ನಾನು ಫಿನಾಯಿಲ್ ಹಾಕಿಸ್ತೀನಿ ಆ ಕುರ್ಚಿಗೆ!"

ಯಜಮಾನನ ಬಾಯಿ ತೆರೆದೇ ಇತ್ತು. ಹೇಳಿದ್ದು ಏನೆಂದು ಅವನಿಗೆ ಆಗ ಹೊಳೆಯಿತು.

"ಬರ್ಕೊಳ್ಳಿ ಸ್ವಾಮಿ," ಅಂದ ಮೇಜರ್ ಸಾಹೇಬರಿಗೆ. "ಅವರೇ ಹೇಳಿದ್ರಲ್ಲ, ಹಾಗೇ ಬರ್ಕೊಳ್ಳಿ."

ಸಾಹೇಬರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. "ನಾನೇನೂ ಕೇಳಿಸ್ಕೊಂಡಿಲ್ಲ."

"ನಾವು ಕೇಳಿಸ್ಕೊಂಡ್ವಿ," ಅಂದಳು ಬಾಗಿಲಲ್ಲಿ ನಿಂತಿದ್ದ ದೊಡ್ಡಕ್ಕ. ಅವಳ ಹಿಂದೆ ಹೆಂಗಸರೆಲ್ಲ ಬಂದು ನಿಂತಿದ್ದರು. ಒದ್ದೆ ಕೈ, ಸುಟ್ಟ ಮೊಣಕೈ, ಔಷಧಿ ನೀರಿಗೆ ಬಿಳಿಚಿದ ಕಾಲು. ಹೊಸ ಹುಡುಗಿ ಮೆಲ್ಲಗೆ ಅಂದಳು: "ನಾನೂ ಕೇಳಿಸ್ಕೊಂಡೆ." ಪೊಲೀಸಪ್ಪ ಮಾತ್ರ ಇದು ನಿಮ್ಮ ನಿಮ್ಮೊಳಗಿನ ವಿಷಯ ಎಂದು ಗೊಣಗಿ ಹಿಂದೆ ಹಿಂದೆಯೇ ಸರಿದು ಹೋದ.

ಸಾಹೇಬರು ಬಗ್ಗಿ ಮೇಜರನ ಮುಖದ ಹತ್ತಿರ ಬಂದರು. "ನಾಳೆನೇ ನಿನ್ನ ಮೇಲೆ ಕೇಸು ಹಾಕಿಸ್ತೀನಿ. ತಿಳ್ಕೋ."

"ಹಾಕಿ. ಗಾರ್ಡು ಬಿಚ್ಚಿದ್ದು ನಾನೇ ಅಂತ ಅಲ್ಲೂ ಹೇಳ್ತೀನಿ. ಬಿಚ್ಚಿಸಿದ್ದು ಯಾರು ಅಂತಾನೂ ಹೇಳ್ತೀನಿ. ನಿಮ್ಮ ಮನೆ ಬಟ್ಟೆ ಯಾರು ಒಗೀತಾರೆ ಅಂತಾನೂ ಹೇಳ್ತೀನಿ. ನಂಗೆ ಜೈಲಾದ್ರೆ ಆಗ್ಲಿ. ಒಬ್ನೇ ಹೋಗಲ್ಲ."

ಸಾಹೇಬರ ಕೈ ತಾನಾಗಿಯೇ ಅಂಗಿಯ ಕಾಲರಿಗೆ ಹೋಯಿತು. ಆಮೇಲೆ ಅವರು ಅಲ್ಲಿ ನಿಲ್ಲಲಿಲ್ಲ. ಯಜಮಾನ ಅವರ ಹಿಂದೆಯೇ ಓಡಿದ.

ಮೇಜಿನ ಮೇಲಿದ್ದ ಫೋನು ಬಡಿದುಕೊಳ್ಳತೊಡಗಿತು. ಅಷ್ಟು ವರ್ಷ ಆ ಕುರ್ಚಿಯ ಮೇಲೆ ಕೂತಾಗಲೂ ಅವನು ಆ ಫೋನನ್ನು ಮುಟ್ಟಿರಲಿಲ್ಲ.

ಎತ್ತಿ ಬಲಗಿವಿಗೆ ಇಟ್ಟುಕೊಂಡ. ಆಸ್ಪತ್ರೆಯ ಬಟ್ಟೆ ಉಗ್ರಾಣದವನು ಆ ಕಡೆಯಿಂದ ಕೂಗಾಡುತ್ತಿದ್ದ: "ಗಾಡಿ ಎಲ್ರೀ? ವಾರ್ಡಿಗೆ ಹಾಸೋಕೆ ಒಂದು ಚಾದರ ಇಲ್ಲ. ನಿಮ್ಮ ಯಜಮಾನ್ರಿಗೆ ಕೊಡ್ರೀ ಫೋನು."

"ನಾನೇ ಮಾತಾಡ್ತಿರೋದು," ಅಂದ ಮೇಜರ್. "ಇವತ್ತು ಗಾಡಿ ಬರಲ್ಲ. ಗಾರ್ಡನ್ನ ಬಿಚ್ಚೋಕಾಗದ ಹಾಗೆ ಬೆಸುಗೆ ಹಾಕೋತನಕ ಬರಲ್ಲ. ಕೈ ಹೋದೋಳು ಇಲ್ಲಿ ಕೆಲಸಗಾರ್ತಿ ಅಂತ ಸಾಹೇಬ್ರು ಬರ್ದು ಕೊಡೋತನಕ ಬರಲ್ಲ."

"ಏನ್ ಮಾತಾಡ್ತಿದೀರಿ? ರೋಗಿಗಳೆಲ್ಲ ಬರೀ ಮಂಚದ ಮೇಲೆ ಮಲಗ್ಬೇಕಾ?"

ಮೇಜರ್ ಕಣ್ಣು ಮುಚ್ಚಿಕೊಂಡ. ಬಾಗಿಲಲ್ಲಿ ಹೆಂಗಸರು ಅವನನ್ನೇ ನೋಡುತ್ತಿದ್ದರು.

"ಹೆಂಗಸರ ವಾರ್ಡಲ್ಲಿ ಕಿಟಕಿ ಪಕ್ಕ ಒಬ್ಬಳಿದಾಳೆ, ಬಲಗೈಗೆ ಬ್ಯಾಂಡೇಜು. ಚಾದರ ಸಾಲದೆ ಬಂದ್ರೆ ಮೊದ್ಲು ಅವಳ ಮಂಚದ್ದು ತೆಗೆದು ಇನ್ನೊಬ್ರಿಗೆ ಹಾಸಿ. ಯಾರು ಹೇಳಿದ್ದು ಅಂತ ಕೇಳ್ತಾಳೆ. ಮಾಲೀಕ ಹೇಳಿದ ಅನ್ನಿ."